ನೌಕರಿ ಮುಗಿಸುವ ಕಾನೂನು

ಭಾರತದಲ್ಲಿ ನೌಕರಿ ಎಂಬುದು ಮೂಲತಃ ಒಂದು ಕರಾರು. ಒಬ್ಬರು ದುಡಿಯಲು, ಇನ್ನೊಬ್ಬರು ಸಂಬಳ ಕೊಡಲು ಒಪ್ಪಿಕೊಂಡ ಈ ವ್ಯವಹಾರಕ್ಕೆ 1872ರ ಭಾರತೀಯ ಕರಾರು ಕಾಯ್ದೆಯೇ ತಳಹದಿ. ನೇಮಕಾತಿ ಪತ್ರದಲ್ಲಿ ಬರೆದಷ್ಟು ದಿನದ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಮುಗಿಸಬಹುದು. ನೋಟಿಸ್ ಇಲ್ಲದೆ ಮುಗಿಸಿದರೆ ಕರಾರು ಮುರಿದಂತಾಗುತ್ತದೆ. ಆದರೆ ಮುರಿದ ನೌಕರಿಯನ್ನು ಮತ್ತೆ ಕೂಡಿಸಿಕೊಡುವ ಕೆಲಸಕ್ಕೆ ಸಿವಿಲ್ ನ್ಯಾಯಾಲಯ ಕೈಹಾಕುವುದಿಲ್ಲ. ಬೇಡವೆಂದ ಮಾಲೀಕನ ಮೇಲೆ ನೌಕರನನ್ನಾಗಲಿ, ಒಲ್ಲೆನೆಂದ ನೌಕರನ ಮೇಲೆ ಕೆಲಸವನ್ನಾಗಲಿ ಹೇರಲಾಗದು ಎಂಬುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ನಿಲುವು. ಸಿಗುವುದು ಹಣದ ಪರಿಹಾರ ಮಾತ್ರ, ಅದೂ ಬಹುಮಟ್ಟಿಗೆ ನೋಟಿಸ್ ಅವಧಿಯ ಸಂಬಳದಷ್ಟು. ಹದಿನೈದು ವರ್ಷ ದುಡಿದ ಮ್ಯಾನೇಜರನ ನೇಮಕಾತಿ ಪತ್ರದಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದರೆ, ಎಷ್ಟೇ ಅನ್ಯಾಯವಾಗಿ ತೆಗೆದಿದ್ದರೂ ಸಾಮಾನ್ಯವಾಗಿ ಅವನ ಕೈಗೆ ಬರುವುದು ಎರಡು ತಿಂಗಳ ಸಂಬಳ.

ಈ ನಿಯಮಕ್ಕೆ ಮೂರು ಅಪವಾದಗಳನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡು ಬಂದಿದೆ. ಸಂವಿಧಾನದ 311ನೇ ವಿಧಿಯ ರಕ್ಷಣೆ ಇರುವ ಸರ್ಕಾರಿ ನೌಕರ, ಕೈಗಾರಿಕಾ ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಮಿಕ, ಶಾಸನದಿಂದ ಹುಟ್ಟಿದ ಸಂಸ್ಥೆ ತನ್ನ ಶಾಸನವನ್ನೇ ಮೀರಿ ತೆಗೆದ ನೌಕರ, ಈ ಮೂವರು ಮಾತ್ರ ಕೆಲಸಕ್ಕೆ ವಾಪಸ್ ಸೇರಿಸಿಕೊಳ್ಳಿ ಎಂದು ಕೇಳಬಲ್ಲರು. ಹಾಗಾಗಿ ಯಾಕೆ ತೆಗೆದರು ಎಂದು ವಿಚಾರಿಸುವ ಮೊದಲೇ ಯಾರನ್ನು ತೆಗೆದರು ಎಂಬುದು ಇತ್ಯರ್ಥವಾಗಬೇಕಾಗುತ್ತದೆ. ಒಂದೇ ಕಟ್ಟಡದಲ್ಲಿ, ಒಂದೇ ದಿನ, ಒಂದೇ ಒಕ್ಕಣೆಯ ಪತ್ರ ಪಡೆದ ಇಬ್ಬರಲ್ಲಿ ಒಬ್ಬರು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಇನ್ನೊಬ್ಬರಿಗೆ ಆ ದಾರಿಯೇ ಇರುವುದಿಲ್ಲ.

ಸರ್ಕಾರಿ ನೌಕರರದು ಇವರಲ್ಲಿ ಅತ್ಯಂತ ಭದ್ರ ಸ್ಥಾನ. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ಅವರನ್ನು ವಜಾ ಮಾಡುವಂತಿಲ್ಲ. ಆರೋಪ ತಿಳಿಸಿ, ಉತ್ತರ ಹೇಳಲು ಅವಕಾಶ ಕೊಟ್ಟು ವಿಚಾರಣೆ ನಡೆಸದೆ ತೆಗೆಯುವಂತೆಯೂ ಇಲ್ಲ. ವಿಧಿಯೇ ಹೇಳಿದ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು. ಸರ್ಕಾರಿ ನಿಗಮಗಳಲ್ಲಿ ಒಂದು ಕಾಲಕ್ಕೆ, ಕಾರಣ ಹೇಳದೆ ನೋಟಿಸ್ ಕೊಟ್ಟು ಕಾಯಂ ನೌಕರರನ್ನೂ ಕಳಿಸುವ ನಿಯಮಗಳಿದ್ದವು. ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ನಿನ ಇಂಥ ನಿಯಮವನ್ನು ಸುಪ್ರೀಂ ಕೋರ್ಟ್ 1986ರಲ್ಲಿ ಹೊಡೆದುಹಾಕಿತು. ಬಲಾಬಲದಲ್ಲಿ ಸಮಾನರಲ್ಲದವರ ನಡುವೆ ನೌಕರ ಬೇರೆ ದಾರಿಯಿಲ್ಲದೆ ಸಹಿ ಹಾಕಿದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು. ದೆಹಲಿ ಸಾರಿಗೆ ನಿಗಮದ ಅಂಥದೇ ನಿಯಮ 1990ರಲ್ಲಿ ಸಂವಿಧಾನ ಪೀಠದ ಮುಂದೆ ಬಿತ್ತು. ಖಾಸಗಿ ಕಂಪನಿಗಳ ಕರಾರಿಗೆ ಈ ತೀರ್ಪುಗಳ ನೆರಳು ಅಷ್ಟಾಗಿ ಚಾಚಲಿಲ್ಲ. ಸರ್ಕಾರದಲ್ಲೇ ದುಡಿಯುವ ದಿನಗೂಲಿ, ಹಂಗಾಮಿ ನೌಕರರಿಗೂ 311ನೇ ವಿಧಿಯ ಬಲವಿಲ್ಲ. ನೇಮಕಾತಿಯ ಕ್ರಮ ಪಾಲಿಸದೆ ಒಳಬಂದವರು ಎಷ್ಟು ವರ್ಷ ದುಡಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದು 2006ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಸರ್ಕಾರದ ದಿನಗೂಲಿಗಳ ಪ್ರಕರಣದಲ್ಲೇ.

ಮೂರನೆಯ ಗುಂಪಿಗೆ ಹತ್ತಿರದ ಇನ್ನೊಂದು ವರ್ಗ ಖಾಸಗಿ ಶಾಲೆಗಳ ಶಿಕ್ಷಕರದು. ಶಿಕ್ಷಣ ಸಂಸ್ಥೆ ಉದ್ಯಮವಾದರೂ ಪಾಠ ಹೇಳುವವರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಮಾನಿಸಿತ್ತು. ಕರ್ನಾಟಕದಲ್ಲಿ ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಿರುವುದು 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡುವುದನ್ನು ಅದು ತಡೆಯುತ್ತದೆ. ಆದೇಶದ ವಿರುದ್ಧ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಅವಕಾಶ ಕೊಡುತ್ತದೆ.

ಉಳಿದದ್ದು ಕಾರ್ಮಿಕರ ಕಾನೂನು. ಇದೇ ಎಲ್ಲಕ್ಕಿಂತ ವಿಸ್ತಾರವಾದದ್ದು, ಜಗಳಗಳೂ ಇಲ್ಲೇ ಹೆಚ್ಚು. ಏಳು ದಶಕಕ್ಕೂ ಮಿಕ್ಕು ಅದರ ಆಧಾರ 1947ರ ಕೈಗಾರಿಕಾ ವಿವಾದ ಕಾಯ್ದೆಯಾಗಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಹೆಸರು ಹೊಸದು, ಮೈಕಟ್ಟು ಬಹುಪಾಲು ಹಳೆಯದೇ. ಹಳೆಯ ಕಾಯ್ದೆಯ ಮೇಲೆ ಬಂದ ತೀರ್ಪುಗಳು ಹಾಗಾಗಿ ಇನ್ನೂ ಉಪಯೋಗಕ್ಕೆ ಬರುತ್ತವೆ.

ಕೈಕೆಲಸ, ಕುಶಲ, ತಾಂತ್ರಿಕ, ಗುಮಾಸ್ತಗಿರಿ ಅಥವಾ ಮೇಲ್ವಿಚಾರಣೆಯ ಕೆಲಸ ಮಾಡುವವರೆಲ್ಲ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರು. ಆಡಳಿತ ನಡೆಸುವ ಮ್ಯಾನೇಜರ್ ಅಲ್ಲ. ಮೇಲ್ವಿಚಾರಕರ ಸಂಬಳ ಒಂದು ಮಿತಿ ದಾಟಿದರೆ ಅವರೂ ಅಲ್ಲ; ಈ ಮಿತಿ ಹಳೆಯ ಕಾಯ್ದೆಯಲ್ಲಿ ಕೊನೆಗೆ ತಿಂಗಳಿಗೆ 10,000 ರೂಪಾಯಿ ಇತ್ತು, ಸಂಹಿತೆಯಲ್ಲಿ 18,000 ಆಗಿದೆ. ಪತ್ರಕರ್ತರು, ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳಂಥವರು ಈಗ ಈ ವ್ಯಾಖ್ಯೆಯೊಳಗೇ ಇದ್ದಾರೆ. ಹುದ್ದೆಯ ಹೆಸರಿಗೆ ನ್ಯಾಯಾಲಯ ಬೆಲೆ ಕೊಡುವುದಿಲ್ಲ, ನಿತ್ಯದ ಮುಖ್ಯ ಕೆಲಸ ಏನೆಂದು ನೋಡುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಎಂದಿದ್ದರೂ ಕೈಕೆಳಗೆ ಯಾರೂ ಇಲ್ಲದೆ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲದೆ ದಿನವಿಡೀ ಲೆಕ್ಕ ಬರೆಯುವವರು ಕಾರ್ಮಿಕರೇ. ಗಮನಿಸಬೇಕಾದದ್ದೆಂದರೆ, ಸಂಬಳದ ಮಿತಿ ಮೇಲ್ವಿಚಾರಕರಿಗೆ ಮಾತ್ರ. ಕೇವಲ ತಾಂತ್ರಿಕ ಕೆಲಸ ಮಾಡುವವರ ಸಂಬಳ ಲಕ್ಷ ದಾಟಿದರೂ ಆ ಕಾರಣಕ್ಕೇ ಅವರು ವ್ಯಾಖ್ಯೆಯಿಂದ ಹೊರಬೀಳುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಎಷ್ಟೋ ಮಂದಿಗೆ ಇದು ತಿಳಿದಂತಿಲ್ಲ.

ಕೆಲಸ ನಡೆಯುವ ಸಂಸ್ಥೆ ಉದ್ಯಮವಾಗಿರಬೇಕು ಎಂಬುದು ಇನ್ನೊಂದು ಷರತ್ತು. ಯಾವುದು ಉದ್ಯಮ ಎಂಬುದಕ್ಕೆ ದೇಶಕ್ಕೆಲ್ಲ ಮಾದರಿಯಾದ ತೀರ್ಪು ಹುಟ್ಟಿದ್ದು ಬೆಂಗಳೂರಿನ ಜಲಮಂಡಳಿಯಿಂದ. ತಪ್ಪು ಮಾಡಿದರೆಂದು ಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ವಸೂಲು ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಊರಿಗೆ ನೀರು ಕೊಡುವುದು ಸರ್ಕಾರದ ಕರ್ತವ್ಯದಂಥದ್ದು, ಉದ್ಯಮವಲ್ಲ ಎಂದು ಮಂಡಳಿ ವಾದಿಸಿತು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಈ ವಾದವನ್ನು ತಳ್ಳಿಹಾಕಿತು. ವ್ಯವಸ್ಥಿತ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರ ಬೇಕುಗಳಿಗಾಗಿ ಸರಕು ಅಥವಾ ಸೇವೆಯ ಉತ್ಪಾದನೆ, ಈ ಮೂರೂ ಇದ್ದರೆ ಲಾಭವಿರಲಿ ಇಲ್ಲದಿರಲಿ ಅದು ಉದ್ಯಮವೇ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಆಸ್ಪತ್ರೆ, ಕಾಲೇಜು, ಕ್ಲಬ್ಬುಗಳೆಲ್ಲ ಅದರೊಳಗೆ ಬಂದವು. ಇಷ್ಟು ಅಗಲ ಬೇಡವೆಂದು ಸಂಸತ್ತು 1982ರಲ್ಲಿ ವ್ಯಾಖ್ಯೆಯನ್ನು ತಿದ್ದಿತಾದರೂ ಆ ತಿದ್ದುಪಡಿ ಕೊನೆಗೂ ಜಾರಿಗೆ ಬರಲೇ ಇಲ್ಲ. ಸಂಹಿತೆ ಈಗ ಧರ್ಮಾರ್ಥ ಸಂಸ್ಥೆಗಳನ್ನು, ಸರ್ಕಾರದ ಸಾರ್ವಭೌಮ ಕಾರ್ಯಗಳನ್ನು, ಮನೆಗೆಲಸವನ್ನು ಹೊರಗಿಟ್ಟಿದೆ.

ಕಾರ್ಮಿಕರನ್ನು ತೆಗೆಯಲು ಎರಡು ದಾರಿಗಳಿವೆ. ಒಂದು, ತಪ್ಪಿಗೆ ಶಿಕ್ಷೆಯಾಗಿ. ಇನ್ನೊಂದು, ಅವರ ತಪ್ಪೇನೂ ಇಲ್ಲದೆ, ಅಂದರೆ ರಿಟ್ರೆಂಚ್‌ಮೆಂಟ್. ಎರಡನೆಯದಕ್ಕೆ ಕಾನೂನು ಕಾರಣದ ಗುಣಾವಗುಣ ಕೇಳುವುದು ಕಡಿಮೆ, ಕ್ರಮ ಪಾಲಿಸಿದ್ದಾರೆಯೇ ಎಂದು ಕೇಳುವುದು ಹೆಚ್ಚು. ಒಂದು ವರ್ಷ ಸತತ ಸೇವೆ ಮಾಡಿದವರಿಗೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಬದಲು ಸಂಬಳ, ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನದ ಪರಿಹಾರ, ಸರ್ಕಾರಕ್ಕೆ ಸೂಚನೆ, ಇವು ಆಗಬೇಕು. ಆರು ತಿಂಗಳು ಮೀರಿದ ತುಂಡು ವರ್ಷವನ್ನೂ ಪೂರ್ಣ ವರ್ಷವೆಂದೇ ಎಣಿಸಬೇಕು. ಪರಿಹಾರವನ್ನು ತೆಗೆಯುವ ಹೊತ್ತಿಗೇ ಕೊಡಬೇಕು, ಆಮೇಲೆ ಕಳಿಸುತ್ತೇವೆ ಎಂದರೆ ತೆಗೆದದ್ದೇ ಅಸಿಂಧುವಾಗುತ್ತದೆ. ಸಾಮಾನ್ಯವಾಗಿ ಆಯಾ ವರ್ಗದಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು, ಬೇರೆ ರೀತಿ ಮಾಡುವುದಾದರೆ ಕಾರಣ ದಾಖಲಿಸಬೇಕು. ಅದೇ ಕೆಲಸಕ್ಕೆ ಮತ್ತೆ ಜನ ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕೆಂಬ ನಿಯಮವೂ ಇದೆ. ಸಂಹಿತೆ ಇದಕ್ಕೆ ಒಂದು ವರ್ಷದ ಗಡಿ ಹಾಕಿದೆ.

ಸತತ ಒಂದು ವರ್ಷ ಎಂದರೆ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿರುವುದು. ಗಣಿಯೊಳಗೆ ಇಳಿಯುವವರಿಗೆ 190 ದಿನ ಸಾಕು. ವಾರದ ಸಂಬಳಸಹಿತ ರಜೆಯಂಥವೂ ಈ ಎಣಿಕೆಯಲ್ಲಿ ಸೇರುತ್ತವೆ. ಕಾರ್ಮಿಕ ವ್ಯಾಜ್ಯಗಳಲ್ಲಿ ಅತಿ ಹೆಚ್ಚು ಬೆವರು ಹರಿದಿರುವುದು ಈ 240ರ ಸುತ್ತಲೇ. 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ, 240 ದಿನ ದುಡಿದೆನೆಂದು ಸಾಬೀತುಪಡಿಸುವ ಹೊಣೆ ಕಾರ್ಮಿಕನದೇ, ಬರೀ ಅಫಿಡವಿಟ್ ಸಾಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ದಿನಗೂಲಿಯ ಬಳಿ ನೇಮಕಾತಿ ಪತ್ರವಿರುವುದಿಲ್ಲ, ಸಂಬಳದ ಚೀಟಿ ಇರುವುದಿಲ್ಲ. ಮಸ್ಟರ್ ರೋಲ್ ಇರುವುದು ಇಲಾಖೆಯ ಬೀರುವಿನಲ್ಲಿ. ಈ ಕಷ್ಟವನ್ನು ನ್ಯಾಯಾಲಯ ಮೂರು ವರ್ಷದ ಬಳಿಕ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಗಣನೆಗೆ ತಂದುಕೊಂಡಿತು. ಹೊಣೆ ಕಾರ್ಮಿಕನದೇ ನಿಜ, ಆದರೆ ಅವನು ಕಟಕಟೆಗೆ ಬಂದು ಸಾಕ್ಷಿ ನುಡಿದು, ದಾಖಲೆ ತರಿಸಿ ಎಂದು ಕೇಳಿಕೊಂಡ ಮೇಲೆ ಇಲಾಖೆ ಸುಮ್ಮನಿರುವಂತಿಲ್ಲ ಎಂದಿತು. ಆ ಕಾರ್ಮಿಕನನ್ನು ಉಳಿಸಿದ್ದು ಹಿಂದೊಮ್ಮೆ ಎಂಜಿನಿಯರೊಬ್ಬರು ಬರೆದುಕೊಟ್ಟಿದ್ದ ಸೇವಾ ಪ್ರಮಾಣಪತ್ರ.

ಗಡುವು ಬರೆದ ನೇಮಕಾತಿಯ ಕಥೆ ಬೇರೆ. ಸ್ಟೇಟ್ ಬ್ಯಾಂಕ್ ಒಬ್ಬ ನೌಕರನಿಗೆ ಒಂಬತ್ತು ದಿನದ ನೇಮಕಾತಿ ಪತ್ರ ಕೊಟ್ಟಿತ್ತು. ಹಿಂದಿನ ಇಂಥ ತುಂಡು ಸೇವೆಗಳನ್ನೆಲ್ಲ ಕೂಡಿಸಿದರೆ 240 ದಿನ ಆಗಿತ್ತು. ಪತ್ರದಲ್ಲಿ ಬರೆದ ದಿನ ಮುಗಿದು ಕೆಲಸ ತಾನಾಗಿಯೇ ಕೊನೆಗೊಂಡರೂ ಅದು ರಿಟ್ರೆಂಚ್‌ಮೆಂಟೇ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪು ಕೊಟ್ಟಿತು. ಮಾಲೀಕರಿಗೆ ಇದು ನುಂಗಲಾರದ ತುತ್ತಾಯಿತು. 1984ರ ತಿದ್ದುಪಡಿ, ಕರಾರಿನ ಅವಧಿ ಮುಗಿದು ನವೀಕರಣವಾಗದಿದ್ದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ ಎಂದಿತು. ಸಂಹಿತೆ ಆ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ನಿಗದಿತ ಅವಧಿಯ ನೌಕರಿಯನ್ನು ನೇರವಾಗಿಯೇ ಮಾನ್ಯ ಮಾಡಿದೆ. ಅಂಥವರಿಗೆ ಕಾಯಂ ನೌಕರರಿಗೆ ಸಮನಾದ ಸಂಬಳ, ಸೌಲಭ್ಯ, ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತವೆ. ಅವಧಿ ಮುಗಿದ ದಿನ ಕಾರಣ ಕೇಳುವ ಹಕ್ಕು ಮಾತ್ರ ಇರುವುದಿಲ್ಲ. ವರ್ಷವಿಡೀ ನಡೆಯುವ ಕೆಲಸಕ್ಕೂ ಹೀಗೆ ಗಡುವಿನ ಕರಾರು ಬರೆಸಿಕೊಳ್ಳುವುದನ್ನು ತಡೆಯುವ ಸ್ಪಷ್ಟ ಮಾತು ಸಂಹಿತೆಯಲ್ಲಿಲ್ಲ. ಹೊಸ ಕಾನೂನಿನ ಅತಿ ದುರ್ಬಲ ಜಾಗ ಇದೇ ಎನ್ನಬಹುದು.

ದೊಡ್ಡ ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಲ್ಲಿ ನೋಟಿಸು, ಪರಿಹಾರ ಇಷ್ಟರಿಂದಲೇ ಮುಗಿಯುವುದಿಲ್ಲ. ಮೂರು ತಿಂಗಳ ನೋಟಿಸ್ ಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. 60 ದಿನದೊಳಗೆ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆ. ಎಷ್ಟು ಜನರಿದ್ದರೆ ದೊಡ್ಡದು ಎಂಬುದು ರಾಜಕೀಯದ ಗಾಳಿಗೆ ತಕ್ಕಂತೆ ಬದಲಾಗಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಈ ನಿಯಮ ತಂದಾಗ 300 ಎಂದಿತ್ತು. ಆಮೇಲೆ ಅದನ್ನು 100ಕ್ಕೆ ಇಳಿಸಿದರು. ಸಂಹಿತೆ ಮತ್ತೆ 300ಕ್ಕೆ ಏರಿಸಿದೆ, ಬೇಕಾದರೆ ಸರ್ಕಾರ ಅದನ್ನು ಇನ್ನೂ ಹೆಚ್ಚಿಸಬಹುದು ಎಂದೂ ಸೇರಿಸಿದೆ. 250 ಕಾರ್ಮಿಕರ ಕಾರ್ಖಾನೆ ಹಳೆಯ ಮಿತಿಯಂತೆ ಅನುಮತಿ ಕೇಳಬೇಕಿತ್ತು, ಈಗ ಕೇಳಬೇಕಿಲ್ಲ.

ಶಿಕ್ಷೆಯಾಗಿ ತೆಗೆಯುವಾಗ ವಿಚಾರಣೆಯೇ ಮುಖ್ಯ. ಆರೋಪಪಟ್ಟಿ ಕೊಡಬೇಕು, ಉತ್ತರ ಪಡೆಯಬೇಕು, ಪಕ್ಷಪಾತವಿಲ್ಲದ ವಿಚಾರಣಾಧಿಕಾರಿ ಸಾಕ್ಷಿಗಳನ್ನು ಕೇಳಬೇಕು, ನೌಕರನಿಗೆ ಪಾಟೀಸವಾಲು ಹಾಕಲು ಬಿಡಬೇಕು, ಶಿಕ್ಷೆ ವಿಧಿಸುವ ಮುನ್ನ ವರದಿಯ ಪ್ರತಿ ಕೊಡಬೇಕು. ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ವೇತನ, ಆಮೇಲೆ ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಮುಕ್ಕಾಲು ವೇತನವನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕು. ಈ ಭತ್ಯೆ ಎಷ್ಟು ದೊಡ್ಡ ವಿಷಯ ಎಂಬುದು ಕೋಲಾರದ ಚಿನ್ನದ ಗಣಿಯ ಒಂದು ಪ್ರಕರಣದಿಂದ ಗೊತ್ತಾಗುತ್ತದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರಲ್ಲಿ ಪೊಲೀಸ್ ದಾಳಿ ನಡೆದು, ಚಿನ್ನ ಸಿಕ್ಕಿತೆಂದು ಕ್ರಿಮಿನಲ್ ಕೇಸೂ ಇಲಾಖಾ ವಿಚಾರಣೆಯೂ ಒಟ್ಟಿಗೆ ಶುರುವಾದವು. ಅವರಿಗೆ ಭತ್ಯೆ ಕೊಡಲಿಲ್ಲ. ಕೇರಳದ ಊರಿಗೆ ಹೋಗಿದ್ದ ಅವರ ಬಳಿ ವಿಚಾರಣೆಗೆ ಬರಲು ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿದು 1986ರಲ್ಲಿ ವಜಾ ಆದರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ದಾಳಿಯೇ ಸಾಬೀತಾಗಿಲ್ಲವೆಂದು ಬಿಡುಗಡೆ ಮಾಡಿತು. ಎರಡಕ್ಕೂ ಇದ್ದದ್ದು ಅದೇ ದಾಳಿ, ಅದೇ ಸಾಕ್ಷಿಗಳು. ಒಂದರಲ್ಲಿ ಬಿದ್ದುಹೋದದ್ದು ಇನ್ನೊಂದರಲ್ಲಿ ನಿಲ್ಲದು, ಭತ್ಯೆಯಿಲ್ಲದೆ ನಡೆಸಿದ ವಿಚಾರಣೆಯೂ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿ, ಬಾಕಿ ಸಂಬಳದೊಡನೆ ಕೆಲಸಕ್ಕೆ ಸೇರಿಸಿಕೊಳ್ಳಲು ಆದೇಶಿಸಿತು. ಅಷ್ಟರಲ್ಲಿ 1999 ಬಂದಿತ್ತು. ಇನ್ನೆರಡು ವರ್ಷಕ್ಕೆ ಗಣಿಯೇ ಮುಚ್ಚಿತು.

ವಿಚಾರಣೆ ಸರಿಯಾಗಿ ನಡೆದಿದ್ದರೂ ಶಿಕ್ಷೆ ತಪ್ಪಿಗೆ ಮೀರಿದ್ದೆನಿಸಿದರೆ ಅದನ್ನು ಇಳಿಸುವ ಅಧಿಕಾರ 1971ರಿಂದ ಕಾರ್ಮಿಕ ನ್ಯಾಯಾಲಯಗಳಿಗೆ ಇತ್ತು, ಈಗ ಸಂಹಿತೆಯ ನ್ಯಾಯಮಂಡಳಿಗೂ ಇದೆ. ಕಳವು, ಹಲ್ಲೆ, ಹಣದ ದುರುಪಯೋಗ ಸಾಬೀತಾದಲ್ಲಿ ನ್ಯಾಯಾಲಯಗಳು ಇದನ್ನು ಬಳಸುವುದು ಅಪರೂಪ. ಹೆರಿಗೆ ರಜೆಯಲ್ಲಿರುವವರನ್ನು ಆ ಗೈರುಹಾಜರಿಯ ಕಾರಣಕ್ಕೆ ತೆಗೆಯುವುದು ಕಾನೂನುಬಾಹಿರ. ಪ್ರೊಬೇಷನ್‌ನಲ್ಲಿರುವವರಿಗೆ ಇಷ್ಟೆಲ್ಲ ರಕ್ಷಣೆಯಿಲ್ಲ. ಕಳಂಕ ಹಚ್ಚದೆ, ಕೆಲಸ ತೃಪ್ತಿಕರವಲ್ಲ ಎಂದು ಕಳಿಸಬಹುದು.

ಕೇಂದ್ರದ ಸಂಹಿತೆಯ ಜೊತೆಗೆ ಕರ್ನಾಟಕದ ಅಂಗಡಿ, ಕಚೇರಿ, ಹೋಟೆಲುಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಆ ಕಾಯ್ದೆಯ 39ನೇ ಕಲಮಿನಂತೆ ಆರು ತಿಂಗಳು ಸತತವಾಗಿ ದುಡಿದವರನ್ನು ಯುಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ನೋಟಿಸ್ ಬೇಡ. ಆಡಳಿತ ಹುದ್ದೆಯಲ್ಲಿರುವವರು ಇಲ್ಲೂ ಹೊರಗೇ. ಐಟಿ ಕಂಪನಿಗಳ ಕಟ್ಟಡಗಳೂ ಈ ಕಾಯ್ದೆಯಡಿಯ ವಾಣಿಜ್ಯ ಸಂಸ್ಥೆಗಳು. ರಾಜ್ಯ ಸರ್ಕಾರ ಅವಕ್ಕೆ ವರ್ಷಗಳಿಂದ ವಿನಾಯ್ತಿ ಕೊಡುತ್ತ ಬಂದಿದ್ದು ಬೇರೊಂದಕ್ಕೆ, ಸೇವಾ ಷರತ್ತುಗಳನ್ನು ಲಿಖಿತವಾಗಿ ಪ್ರಮಾಣೀಕರಿಸಿಕೊಳ್ಳಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆಗೆ. ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಮತ್ತು ವಜಾದ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳು ಆ ವಿನಾಯ್ತಿಗೆ ಅಂಟಿಕೊಂಡಿದ್ದವು. ಸಂಹಿತೆಯಲ್ಲಂತೂ ಸ್ಥಾಯಿ ಆದೇಶಗಳು ಕಡ್ಡಾಯವಾಗುವುದು 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾತ್ರ.

ಇಷ್ಟೆಲ್ಲ ಕ್ರಮಗಳಿಂದ ತಪ್ಪಿಸಿಕೊಳ್ಳಲು ಕಂಪನಿಗಳಿಗಿರುವ ಸುಲಭ ದಾರಿ ರಾಜೀನಾಮೆ. ಸ್ವಇಚ್ಛೆಯಿಂದ ಬಿಟ್ಟವರಿಗೆ ರಿಟ್ರೆಂಚ್‌ಮೆಂಟಿನ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದಲೇ ಎಚ್‌ಆರ್ ಕೋಣೆಗೆ ಕರೆದು, ನೀವೇ ಬರೆದುಕೊಟ್ಟರೆ ಎರಡು ತಿಂಗಳ ಸಂಬಳವೂ ಒಳ್ಳೆಯ ಅನುಭವ ಪತ್ರವೂ ಸಿಗುತ್ತದೆ, ಇಲ್ಲದಿದ್ದರೆ ವಜಾ ಮಾಡುತ್ತೇವೆ ಎನ್ನುವ ರೂಢಿ ಬೆಳೆದಿದೆ. ಒತ್ತಾಯದಿಂದ ಪಡೆದ ರಾಜೀನಾಮೆ ಕಾನೂನಿನಲ್ಲಿ ರಾಜೀನಾಮೆಯಲ್ಲ. ಅದನ್ನು ಸಾಬೀತು ಮಾಡುವುದೇ ಕಷ್ಟ, ಸಹಿ ಹಾಕಿ ತಿಂಗಳುಗಟ್ಟಲೆ ಸುಮ್ಮನಿದ್ದವರಿಗಂತೂ ಬಲು ಕಷ್ಟ. ಬರೆದುಕೊಟ್ಟ ಕೂಡಲೇ ಇಮೇಲಿನಲ್ಲಿ ಆಕ್ಷೇಪ ದಾಖಲಿಸಿದವರ ಮಾತಿಗೆ ತೂಕ ಹೆಚ್ಚು. ಮುಂದಿನ ದಿನಾಂಕದಿಂದ ಜಾರಿಯಾಗುವಂತೆ ಕೊಟ್ಟ ರಾಜೀನಾಮೆಯನ್ನು, ಸೇವಾ ನಿಯಮ ಬೇರೆ ಹೇಳದಿದ್ದರೆ, ಆ ದಿನ ಬರುವ ಮೊದಲು ವಾಪಸ್ ಪಡೆಯಲೂ ಅವಕಾಶವಿದೆ.

ನೌಕರನೇ ಬಿಡುವಾಗ ನೋಟಿಸ್ ಅವಧಿ ಪೂರ್ತಿ ದುಡಿಯಬೇಕು ಅಥವಾ ಅಷ್ಟರ ಸಂಬಳ ಕಟ್ಟಬೇಕು. ಬಲವಂತವಾಗಿ ಕೂರಿಸಿಕೊಳ್ಳಲು ಮಾಲೀಕನಿಗೂ ಆಗದು. ಬಾಂಡ್ ಬರೆದುಕೊಟ್ಟವರ ಪ್ರಶ್ನೆ ಬೆಂಗಳೂರಿನ ವಿಜಯ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಷರತ್ತು ನೌಕರಿಯ ಅವಧಿಗೆ ಸಂಬಂಧಿಸಿದ್ದು, ಸರ್ಕಾರಿ ಬ್ಯಾಂಕಿಗೆ ಹೊಸ ನೇಮಕಾತಿ ಸುಲಭವಲ್ಲ, ಅಧಿಕಾರಿಯ ಸಂಬಳಕ್ಕೆ ಹೋಲಿಸಿದರೆ ಮೊತ್ತ ಅತಿಯಲ್ಲ ಎಂಬುದು ಅದರ ತರ್ಕ. ಬಿಟ್ಟ ಮೇಲೂ ಎದುರಾಳಿ ಕಂಪನಿಗೆ ಸೇರಬಾರದು ಎನ್ನುವ ಷರತ್ತು ಮಾತ್ರ ಕರಾರು ಕಾಯ್ದೆಯ 27ನೇ ಕಲಮಿನಂತೆ ನಿಲ್ಲುವುದಿಲ್ಲ. ಗುಟ್ಟು ಕದ್ದೊಯ್ದರೆ ಬೇರೆ ಮಾತು.

ಯಾವ ರೀತಿ ಮುಗಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ರಾಜೀನಾಮೆ ಕೊಟ್ಟವರಿಗೂ ಇದು ಅನ್ವಯ. ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಇದೆ. ತಿಂಗಳಿಗೆ 26,000 ರೂಪಾಯಿ ವೇತನದಲ್ಲಿ ಹತ್ತು ವರ್ಷ ದುಡಿದವರನ್ನು ಗಣಿಸಿದರೆ, ಗ್ರಾಚ್ಯುಟಿಗೆ ತಿಂಗಳನ್ನು 26 ದಿನವೆಂದು ಹಿಡಿಯುವುದರಿಂದ ಅದು 1,50,000 ರೂಪಾಯಿ ಆಗುತ್ತದೆ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ ಆ 26ರ ಲೆಕ್ಕವಿಲ್ಲ. ಅರ್ಧ ತಿಂಗಳ ವೇತನದಂತೆ 1,30,000. ಇದರ ಜೊತೆಗೆ ಸಂಹಿತೆ ಹೊಸದಾಗಿ ಮರುಕೌಶಲ ನಿಧಿಯನ್ನು ಸೇರಿಸಿದೆ. ತೆಗೆದ ಪ್ರತಿ ಕಾರ್ಮಿಕನಿಗಾಗಿ ಮಾಲೀಕ 15 ದಿನದ ವೇತನ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು.

ಅನ್ಯಾಯವಾಯಿತೆಂದು ತೋರಿದವರು ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿಗೆ. 1965ರವರೆಗೆ ಒಬ್ಬನ ವಜಾ ವಿವಾದವೆನಿಸಬೇಕಾದರೆ ಸಂಘವೋ ಸಹೋದ್ಯೋಗಿಗಳೋ ಬೆನ್ನಿಗೆ ನಿಲ್ಲಬೇಕಿತ್ತು. ಆಮೇಲೆ ಒಂಟಿಯಾಗಿ ದೂರುವ ಹಕ್ಕು ಬಂತು. ಸರ್ಕಾರ ಕಡತ ಕಳಿಸುವವರೆಗೆ ಕಾಯದೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಕರ್ನಾಟಕ 1988ರಲ್ಲೇ ತೆರೆದಿತ್ತು, ಕೇಂದ್ರ 2010ರಲ್ಲಿ ತೆರೆಯಿತು. ಸಂಧಾನದ ಅರ್ಜಿ ಕೊಟ್ಟು 45 ದಿನ ಕಳೆದರೆ ಈಗ ನ್ಯಾಯಮಂಡಳಿಗೆ ಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ಮೂರು ವರ್ಷವಿತ್ತು. ಕಾರ್ಮಿಕ ನ್ಯಾಯಾಲಯಗಳ ಬದಲು ಒಬ್ಬರು ನ್ಯಾಯಾಂಗದ, ಒಬ್ಬರು ಆಡಳಿತದ ಸದಸ್ಯರಿರುವ ನ್ಯಾಯಮಂಡಳಿಯನ್ನು ಸಂಹಿತೆ ತಂದಿದೆ.

ಗೆದ್ದವರಿಗೆ ಏನು ಸಿಗುತ್ತದೆ ಎಂಬುದೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಎಂಬತ್ತರ ದಶಕದವರೆಗೆ ಕ್ರಮ ತಪ್ಪಿ ತೆಗೆದಿದ್ದರೆ ಮರುನೇಮಕವೂ ಪೂರ್ತಿ ಹಿಂಬಾಕಿ ವೇತನವೂ ಹೆಚ್ಚುಕಡಿಮೆ ಖಚಿತವಾಗಿದ್ದವು. ಈಗ ದಿನಗೂಲಿಗಳ ಪ್ರಕರಣಗಳಲ್ಲಿ ಕೆಲಸದ ಬದಲು ಒಂದಿಷ್ಟು ಇಡಿಗಂಟು ಕೊಡಿಸುವುದೇ ಹೆಚ್ಚು. ಕಾಯಂ ಕೆಲಸದಿಂದ ಅಕ್ರಮವಾಗಿ ತೆಗೆದವರಿಗೆ ಹಿಂಬಾಕಿ ಸಹಿತ ಮರುನೇಮಕವೇ ಸಾಮಾನ್ಯ ನಿಯಮವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಹೇಳಿತು. ಆ ಅವಧಿಯಲ್ಲಿ ಬೇರೆಡೆ ದುಡಿಯುತ್ತಿರಲಿಲ್ಲ ಎಂದು ನೌಕರ ಹೇಳಬೇಕು, ಹೇಳಿದ ಮೇಲೆ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಮಾಲೀಕನದು. ಮರುನೇಮಕದ ಆದೇಶದ ವಿರುದ್ಧ ಮಾಲೀಕ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರೆ ಅಲ್ಲಿ ತೀರ್ಮಾನವಾಗುವವರೆಗೆ, ಬೇರೆಲ್ಲೂ ಕೆಲಸದಲ್ಲಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದ ಕಾರ್ಮಿಕನಿಗೆ ಕೊನೆಯದಾಗಿ ಪಡೆದಷ್ಟು ವೇತನವನ್ನು ತಿಂಗಳು ತಿಂಗಳು ಕೊಡುತ್ತಿರಬೇಕು.